ಪ್ರಾಥಮಿಕ ಪಾಠಶಾಲೆಯ ಪರೀಕ್ಷೆ: ಆನವಟ್ಟಿಯ ಸೀಮೆಯಿಂದ ಒಂದು ಐತಿಹಾಸಿಕ ವಿವೇಚನೆ

ಸೊರಬ ತಾಲ್ಲೂಕಿನ ಆನವಟ್ಟಿ ಒಂದು ಹೋಬಳಿಯ ಕೇಂದ್ರ. ಅದರ ಒಂದು ಮಗ್ಗುಲಿಗೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ, ತಾಳಗುಂದಗಳಿವೆ. ಇನ್ನೊಂದು ಮಗ್ಗುಲಿಗೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಹಾನಗಲ್ಲು, ಬನವಾಸಿಗಳಿವೆ. ವಿದ್ಯಾಭ್ಯಾಸದ ಚರಿತ್ರೆಯನ್ನು ಅರಸುವವರಿಗೆ ಇದಕ್ಕಿಂತ ಅನುಕೂಲವಾದ ನೆಲೆ ದೊರೆಯುವುದು ವಿರಳ. ಚಿಕ್ಕ ಮಕ್ಕಳ ಕಲಿಕೆಯನ್ನು ಅಳೆಯುವ ಕಾರ್ಯವನ್ನು ಯಾವ ಕಾಲದಲ್ಲಿ ಯಾರು ಮಾಡಿದರು, ಯಾರಿಗೋಸ್ಕರ ಮಾಡಿದರು ಎಂಬುದನ್ನು ಈ ಸೀಮೆಯಲ್ಲಿ ನಿಂತು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ತಾಳಗುಂದದ ಸ್ತಂಭಶಾಸನವು ಕದಂಬ ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಕಂಚಿಯ ಘಟಿಕೆಗೆ ಹೋದುದನ್ನು ಹೇಳುತ್ತದೆ. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ ಕ್ರಿ.ಶ. 1162ರ ಶಾಸನವು ಅಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ, ದರ್ಶನಗಳ, ಕಾವ್ಯನಾಟಕಗಳ ಪಾಠ ನಡೆಯುತ್ತಿದ್ದುದನ್ನೂ, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುದನ್ನೂ ಎಣಿಸಿ ಹೇಳುತ್ತದೆ. ಸಂಸ್ಥೆಯ ಹಿರಿಮೆ ಅದು ಏನನ್ನು ಕಲಿಸಿತು, ಯಾರಿಗೆ ಆಶ್ರಯವಿತ್ತಿತು ಎಂಬುದರಿಂದ ತಿಳಿಯುತ್ತಿತ್ತು. ಶಿಷ್ಯನ ಯೋಗ್ಯತೆಯನ್ನು ಬಲ್ಲವನು ಗುರುವೇ ಆಗಿದ್ದನು.

ಸಾಮಾನ್ಯ ಜನರ ಮಕ್ಕಳು ಓದುತ್ತಿದ್ದ ಕೂಲಿಮಠಗಳ ವಿಷಯದಲ್ಲಿ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಬೆಲ್ಲನು 1823ರಲ್ಲಿ ಮದರಾಸು ಸರ್ಕಾರಕ್ಕೆ ಕಳುಹಿಸಿದ ವರದಿ ಬೆಲೆಯುಳ್ಳದ್ದು. ಸುಮಾರು 9 ಲಕ್ಷ 27 ಸಾವಿರ ಜನಸಂಖ್ಯೆಯ ಆ ಜಿಲ್ಲೆಯಲ್ಲಿ ಆಗ 533 ಮಠಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಮಕ್ಕಳು ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಪದ್ಯದ ಭಾಷೆ ಆಡುಮಾತಿಗಿಂತ ಬೇರೆಯಾದುದರಿಂದ ಅರ್ಥ ತಿಳಿದಿರುವುದಿಲ್ಲ ಎಂಬುದು ಅವನ ಆಕ್ಷೇಪ. ಒಪ್ಪಿಸುವುದು ಬೇರೆ, ತಿಳಿಯುವುದು ಬೇರೆ ಎಂಬ ಈ ಭೇದವನ್ನು ಮುಂದಿನ ಪರೀಕ್ಷೆಗಳೆಲ್ಲವೂ ಎದುರಿಸಬೇಕಾಯಿತು.

ಮೈಸೂರು ಸೀಮೆಯಲ್ಲಿ ವಿದ್ಯಾಭ್ಯಾಸದ ಇಲಾಖೆ 1857ರಲ್ಲಿ ಸ್ಥಾಪಿತವಾಯಿತು. ಶಾಸನ ಸಂಶೋಧನೆಯಿಂದ ನಮಗೆ ಚಿರಪರಿಚಿತನಾದ ಬಿ. ಎಲ್. ರೈಸನು 1868ರಲ್ಲಿ ಹೋಬಳಿಗೊಂದು ಪಾಠಶಾಲೆ ಎಂಬ ಯೋಜನೆಯನ್ನು ಆಚರಣೆಗೆ ತಂದನು. ಆನವಟ್ಟಿಯಂತಹ ಊರುಗಳು ಸರ್ಕಾರಿ ವಿದ್ಯಾಭ್ಯಾಸದ ಚೌಕಟ್ಟಿನೊಳಗೆ ಬರಲು ಈ ಯೋಜನೆಯೇ ದಾರಿಮಾಡಿತು. ಇಲಾಖೆಯೊಡನೆ ತನಿಖೆಯೂ, ತನಿಖೆಯೊಡನೆ ಪರೀಕ್ಷೆಯೂ ಬಂದವು. ಹಳೆಯ ಮಠದಲ್ಲಿ ಐಗಳು ಊರವರಿಗೆ ಉತ್ತರ ಹೇಳಬೇಕಾಗಿತ್ತು. ಹೊಸ ಶಾಲೆಯ ಉಪಾಧ್ಯಾಯರು ದೂರದ ಕಚೇರಿಗೆ ಉತ್ತರ ಹೇಳಬೇಕಾಯಿತು.

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಒಂದು ಪ್ರಯೋಗ ನಡೆದಿತ್ತು. ರಾಬರ್ಟ್ ಲೋ ಎಂಬವನು 1862ರಲ್ಲಿ ಜಾರಿಗೆ ತಂದ ನಿಯಮದಂತೆ, ಓದು, ಬರಹ, ಲೆಕ್ಕಗಳಲ್ಲಿ ಎಷ್ಟು ಮಕ್ಕಳು ತೇರ್ಗಡೆಯಾದರೆಂಬುದನ್ನು ನೋಡಿ ಶಾಲೆಗೆ ಸಹಾಯಧನ ಕೊಡಲಾಗುತ್ತಿತ್ತು. ಪರಿಣಾಮ ಊಹಿಸಬಹುದಾದುದೇ: ಪರೀಕ್ಷಕನು ಕೇಳಲಿರುವ ಪುಸ್ತಕವನ್ನೇ ವರ್ಷವಿಡೀ ಬಾಯಿಪಾಠ ಮಾಡಿಸಲಾಯಿತು. ಕವಿಯೂ ಶಾಲಾ ತನಿಖಾಧಿಕಾರಿಯೂ ಆಗಿದ್ದ ಮ್ಯಾಥ್ಯೂ ಆರ್ನಲ್ಡನು ಈ ಪದ್ಧತಿಯು ಬೋಧನೆಯನ್ನು ಯಾಂತ್ರಿಕವಾಗಿಸಿತೆಂದು ಖಂಡಿಸಿದನು. ಮುಂಬಯಿ, ಮದರಾಸು ಪ್ರಾಂತಗಳಲ್ಲಿ ಖಾಸಗಿ ಶಾಲೆಗಳ ಸಹಾಯಧನಕ್ಕೂ ಇದೇ ತತ್ತ್ವ ಅನ್ವಯವಾಯಿತು. 1882ರಲ್ಲಿ ನೇಮಕವಾದ ಹಂಟರ್ ಆಯೋಗವು ಪ್ರಾಥಮಿಕ ಪರೀಕ್ಷೆಗಳು ಆದಷ್ಟು ಮಟ್ಟಿಗೆ ಶಾಲೆಯಿರುವ ಸ್ಥಳದಲ್ಲಿಯೇ ನಡೆಯಬೇಕೆಂದು ಸಲಹೆಯಿತ್ತಿತು. 1904ರ ಶಿಕ್ಷಣನೀತಿಯ ನಿರ್ಣಯವು ಪರೀಕ್ಷೆಯ ಅತಿಪ್ರಾಬಲ್ಯವನ್ನು ಸ್ಪಷ್ಟವಾಗಿ ದೋಷವೆಂದು ಒಪ್ಪಿಕೊಂಡಿತು.

ಜನರ ಜೀವನದಲ್ಲಿ ಬೇರೂರಿದ ಪರೀಕ್ಷೆ ಇನ್ನೊಂದು ಬಗೆಯದು. ಗಡಿಯಾಚೆಯ ಹಾನಗಲ್ಲಿನಲ್ಲಿ ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ. ಗಡಿಯೀಚೆಯ ಸೊರಬದಲ್ಲಿ ಲೋಯರ್ ಸೆಕೆಂಡರಿ ಪರೀಕ್ಷೆ. ಮುಲ್ಕಿ ಪಾಸಾದವನಿಗೆ ಶಾಲಾ ಮಾಸ್ತರಿಕೆ, ತಲಾಟಿಯ ಕೆಲಸ ಮೊದಲಾದ ನೌಕರಿಗಳ ಬಾಗಿಲು ತೆರೆಯುತ್ತಿತ್ತು. ಇಲ್ಲಿ ಅಳೆಯುತ್ತಿದ್ದುದು ಶಾಲೆಯನ್ನಲ್ಲ, ಅಭ್ಯರ್ಥಿಯನ್ನು. ಉದ್ದೇಶ ತಿದ್ದುವುದಲ್ಲ, ಆಯುವುದು. ಏಕೀಕರಣದ ಬಳಿಕವೂ ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಯ ರೂಪದಲ್ಲಿ ಈ ಸಂಪ್ರದಾಯ ಬಹುಕಾಲ ಉಳಿಯಿತು.

ಶಾಸ್ತ್ರೀಯ ಅರ್ಥದಲ್ಲಿ ಪ್ರಮಾಣೀಕೃತ ಪರೀಕ್ಷೆ ಎನ್ನುವುದು ಇವೆರಡಕ್ಕಿಂತ ಭಿನ್ನ. ಒಂದೇ ಪ್ರಶ್ನೆ, ಒಂದೇ ಕ್ರಮ, ಒಂದೇ ಮೌಲ್ಯಮಾಪನ, ಇವುಗಳ ಜೊತೆಗೆ ಬಹುಸಂಖ್ಯೆಯ ಮಕ್ಕಳಿಂದ ಪಡೆದ ಹೋಲಿಕೆಯ ಮಾನ, ಇಷ್ಟೂ ಇದ್ದರೆ ಮಾತ್ರ ಆ ಹೆಸರು ಸಲ್ಲುತ್ತದೆ. ಫ್ರಾನ್ಸಿನಲ್ಲಿ ಬಿನೆ ಮತ್ತು ಸಿಮೋನರು 1905ರಲ್ಲಿ ರಚಿಸಿದ ಬುದ್ಧಿಮಾಪನ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗುವಂತೆ ಪರಿಷ್ಕರಿಸಿದವರು ಧಾರವಾಡದ ವಿ. ವಿ. ಕಾಮತರು. ಅವರ ಗ್ರಂಥ 1940ರಲ್ಲಿ ಪ್ರಕಟವಾಯಿತು. ಪರದೇಶದ ಅಳತೆಗೋಲನ್ನು ಹಾಗೆಯೇ ತಂದು ನಮ್ಮ ಮಕ್ಕಳ ಮೇಲೆ ಹಿಡಿಯದೆ, ಮೊದಲು ಅಳತೆಗೋಲನ್ನೇ ಇಲ್ಲಿಯ ಮಕ್ಕಳಿಂದ ಪರೀಕ್ಷಿಸಿದ ಈ ಕ್ರಮದ ಮಹತ್ತ್ವವನ್ನು ನಮ್ಮ ವಿದ್ಯಾರ್ಥಿಗಳು ಅರಿಯಬೇಕು.

ಈಚಿನ ಘಟನೆಗಳಿಗೆ ಬರೋಣ. 2009ರ ಶಿಕ್ಷಣದ ಹಕ್ಕಿನ ಕಾಯಿದೆ ಎಂಟನೆಯ ತರಗತಿ ಮುಗಿಯುವವರೆಗೆ ಮಂಡಳಿಯ ಪರೀಕ್ಷೆಯನ್ನು ನಿಷೇಧಿಸಿತು; 2019ರ ತಿದ್ದುಪಡಿ ಐದನೆಯ ಮತ್ತು ಎಂಟನೆಯ ತರಗತಿಗಳ ಕೊನೆಯಲ್ಲಿ ಪರೀಕ್ಷೆ ನಡೆಸಲು ಆಸ್ಪದವಿತ್ತಿತು. ಕರ್ನಾಟಕ ಸರ್ಕಾರ ಈ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆಯನ್ನು ವಿಧಿಸಿದಾಗ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ 2023ರ ಮಾರ್ಚಿಯಲ್ಲಿ ಸುತ್ತೋಲೆಗಳನ್ನು ರದ್ದುಪಡಿಸಿತು. ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಅನುಮತಿಯಿತ್ತಿತು. ಮರುವರ್ಷ ಅದೇ ವ್ಯಾಜ್ಯ ಮರುಕಳಿಸಿ, 2024ರ ಮಾರ್ಚಿಯಲ್ಲಿ ಪರೀಕ್ಷೆ ನಡುವೆಯೇ ನಿಂತು, ಮತ್ತೆ ಮುಂದುವರಿದು, ಏಪ್ರಿಲ್ 8ರಂದು ಸರ್ವೋಚ್ಚ ನ್ಯಾಯಾಲಯ ಫಲಿತಾಂಶ ಪ್ರಕಟಣೆಯನ್ನು ತಡೆಯಿತು. ಪ್ರಶ್ನೆಪತ್ರಿಕೆಗೆ ಉತ್ತರ ಬರೆದ ಹತ್ತು ಹನ್ನೊಂದು ವರ್ಷದ ಮಕ್ಕಳು, ತಾವು ಬರೆದುದು ಯಾವ ಪರೀಕ್ಷೆ ಎಂದು ತಿಳಿಯದೆ ಉಳಿದರು.

ಈ ತೊಡಕಿನ ಮೂಲ ಎಲ್ಲಿ? ಪರೀಕ್ಷೆ ಮಗುವಿನದೋ ಶಾಲೆಯದೋ ಎಂಬುದನ್ನು ಮೊದಲು ನಿಶ್ಚಯಿಸದೆ ಇದ್ದುದರಲ್ಲಿ ಎಂದು ನಮ್ಮ ಅಭಿಪ್ರಾಯ. ಶಾಲೆಯನ್ನು ಅಳೆಯಬೇಕೆಂದು ಮಗುವಿನ ಅಂಕವನ್ನು ಉಪಯೋಗಿಸಿದರೆ 1862ರ ಅನುಭವ ಮರಳುತ್ತದೆ. ಗಣಿತದ ದೃಷ್ಟಿಯಿಂದಲೂ ತೊಂದರೆಯುಂಟು. ತರಗತಿಯಲ್ಲಿ ಹನ್ನೆರಡು ಮಕ್ಕಳಿರುವ ಮಲೆನಾಡಿನ ಚಿಕ್ಕ ಶಾಲೆಯಲ್ಲಿ ಒಂದು ಮಗು ಜ್ವರದಿಂದ ಮಂಕಾಗಿ ಕುಳಿತು ಅನುತ್ತೀರ್ಣವಾದರೆ ತೇರ್ಗಡೆಯ ಪ್ರಮಾಣ ಶೇಕಡಾ 8ಕ್ಕೂ ಹೆಚ್ಚು ಇಳಿಯುತ್ತದೆ. ಅದನ್ನು ಉಪಾಧ್ಯಾಯರ ಅವನತಿಯೆಂದು ಓದುವುದು ನ್ಯಾಯವಲ್ಲ. ಇದಕ್ಕೆ ಪ್ರತಿಯಾಗಿ 2017, 2021ರ ರಾಷ್ಟ್ರೀಯ ಸಾಧನಾ ಸಮೀಕ್ಷೆಗಳು ಆಯ್ದ ಶಾಲೆಗಳ ಮೂಲಕ ಜಿಲ್ಲೆಯ ಮಟ್ಟವನ್ನು ತಿಳಿಸಿದವು. ಶಿವಮೊಗ್ಗ ಜಿಲ್ಲೆಯ ಸ್ಥಿತಿ ಅವುಗಳಿಂದ ತಿಳಿಯುತ್ತದೆ. ಆನವಟ್ಟಿಯ ಒಂದು ಶಾಲೆಯ ಸ್ಥಿತಿ ತಿಳಿಯುವುದಿಲ್ಲ. ತಿಳಿಯಬೇಕೆಂಬ ಉದ್ದೇಶವೂ ಅವುಗಳಿಗಿಲ್ಲ. ಮಗುವಿಗೆ ಅದು ಎಡವಿದ ಸ್ಥಳವನ್ನು ತೋರಿಸುವ ಪರೀಕ್ಷೆ ಬೇರೆ. ಸರ್ಕಾರಕ್ಕೆ ಅದರ ಹೊಣೆಯನ್ನು ತೋರಿಸುವ ಪರೀಕ್ಷೆ ಬೇರೆ. ಎರಡೂ ಬೇಕು, ಒಂದು ಇನ್ನೊಂದರ ಕೆಲಸವನ್ನು ಮಾಡಲಾರದು.

ಕೊನೆಯದಾಗಿ ಒಂದು ವಿಜ್ಞಾಪನೆ. ಹೋಬಳಿಗಳ ಹಳೆಯ ಪಾಠಶಾಲೆಗಳಲ್ಲಿ ದಾಖಲಾತಿ ಪುಸ್ತಕಗಳೂ ತನಿಖಾಧಿಕಾರಿಗಳು ಷರಾ ಬರೆದ ಪುಸ್ತಕಗಳೂ ಎಷ್ಟೋ ಕಡೆ ಗೆದ್ದಲಿನ ಪಾಲಾಗುತ್ತಿವೆ. ಮಗು ಶಾಲೆಗೆ ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ, ಇವು ಪರೀಕ್ಷೆಯ ಅಂಕಪಟ್ಟಿ ಹೇಳದ ಸಂಗತಿಗಳು. ಪರೀಕ್ಷೆಗೆ ಕುಳಿತವರ ಲೆಕ್ಕ ಸರ್ಕಾರದ ವರದಿಗಳಲ್ಲಿ ದೊರೆಯುತ್ತದೆ. ಕುಳಿತುಕೊಳ್ಳುವ ಮೊದಲೇ ಹೊರಟುಹೋದವರ ಲೆಕ್ಕ ಆ ಪುಸ್ತಕಗಳಲ್ಲಿ ಮಾತ್ರ ಉಂಟು. ಶಿಲಾಶಾಸನಗಳನ್ನು ಪ್ರತಿಮಾಡಿಕೊಳ್ಳುವ ಶ್ರದ್ಧೆಯಿಂದಲೇ ನಮ್ಮ ವಿದ್ಯಾರ್ಥಿಗಳು ಇವನ್ನೂ ಪ್ರತಿಮಾಡಿ ಉಳಿಸಿದರೆ, ಪ್ರಾಥಮಿಕ ವಿದ್ಯಾಭ್ಯಾಸದ ನಿಜವಾದ ಚರಿತ್ರೆಯನ್ನು ಬರೆಯುವುದು ಸಾಧ್ಯವಾದೀತು.