ಹಳೆಯ ಬರವಣಿಗೆ ಡೆಸ್ಕು ಕೊಳ್ಳುವ ಮುನ್ನ: ಧಾರವಾಡ ಸೀಮೆಯ ವಾಡೆಯಿಂದ ನಗರದ ಮನೆಗೆ

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ಮತ್ತು ಕಲಘಟಗಿ ತಾಲ್ಲೂಕುಗಳ ಹಳೆಯ ಮನೆಗಳ ಪಡಸಾಲೆಯಲ್ಲಿದ್ದ ಬರವಣಿಗೆಯ ಡೆಸ್ಕುಗಳು ಇಂದು ನಗರಗಳ ಹಳೆಯ ಸಾಮಾನಿನ ಅಂಗಡಿಗಳನ್ನು ಸೇರುತ್ತಿವೆ. ಎರೆಭೂಮಿಯ ಊರುಗಳಲ್ಲಿ ಮಣ್ಣಿನ ಗೋಡೆಯ ಮಾಳಿಗೆ ಮನೆಗಳನ್ನು ಕೆಡವಿ ಹೊಸ ಮನೆ ಕಟ್ಟಲಾಗುತ್ತಿದೆ. 2019ರ ಆಗಸ್ಟ್ ತಿಂಗಳ ಮಳೆಗೆ ತಾವಾಗಿಯೇ ಕುಸಿದವುಗಳೂ ಹಲವು. ಮನೆ ಬಿದ್ದಾಗ ತೊಲೆ, ಕಂಬ, ಬಾಗಿಲುಗಳೊಡನೆ ಡೆಸ್ಕು ಸಹ ಕಟ್ಟಿಗೆಯ ಬೆಲೆಗೆ ಹೋಗುತ್ತದೆ. ನಗರದಲ್ಲಿ ಅದೇ ವಸ್ತು ‘ಪುರಾತನ’ ಎಂಬ ಹೆಸರು ಪಡೆದು ಹಲವು ಪಟ್ಟು ಬೆಲೆಗೆ ಮಾರಾಟವಾಗುತ್ತದೆ. ಇಂತಹ ಡೆಸ್ಕು ಕೊಳ್ಳಬಯಸುವವರು ಗಮನಿಸಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ನೀಡಲಾಗಿದೆ.

ಮೊದಲಿಗೆ, ಈ ಸೀಮೆಯ ಡೆಸ್ಕು ಎಂದರೆ ಏನು ಎಂಬುದನ್ನು ತಿಳಿಯಬೇಕು. ಕುರ್ಚಿ ಹಾಕಿಕೊಂಡು ಬರೆಯುವ ಎತ್ತರದ ಮೇಜು ಇಲ್ಲಿ ಕಚೇರಿ ಮತ್ತು ಶಾಲೆಗಳ ಮೂಲಕ ಬಂದದ್ದು. ಮನೆ ಮತ್ತು ಅಂಗಡಿಗಳಲ್ಲಿ ಬಳಕೆಯಲ್ಲಿದ್ದುದು ನೆಲದ ಮೇಲೆ ಚಕ್ಕಳಮಕ್ಕಳ ಕುಳಿತು ಬರೆಯುವ ತಗ್ಗಿನ ಡೆಸ್ಕು. ಅದರ ಮೇಲ್ಭಾಗ ಬರೆಯುವವನ ಕಡೆಗೆ ಇಳಿಜಾರಾಗಿರುತ್ತದೆ. ಆ ಇಳಿಜಾರೇ ಮುಚ್ಚಳ. ಎತ್ತಿದರೆ ಒಳಗೆ ಪೆಟ್ಟಿಗೆ. ಹಿಂಭಾಗದ ಸಮತಟ್ಟಾದ ಪಟ್ಟಿಯಲ್ಲಿ ದೌತಿಗೆ ಒಂದು ಗುಳಿ, ಟಾಕು ಇಡಲು ಒಂದು ಕಾಲುವೆ. ಕೆಲವು ಡೆಸ್ಕುಗಳ ಒಳಗೆ ಚಿಕ್ಕ ಖಾನೆಗಳೂ ಒಂದು ಕಳ್ಳಖಾನೆಯೂ ಇರುವುದುಂಟು. ನೆಲಕ್ಕೆ ಜಮಖಾನೆ, ಬೆನ್ನಿಗೆ ಲೋಡು, ಮುಂದೆ ಡೆಸ್ಕು: ದಲಾಲಿ ಅಂಗಡಿಯ ಗಾದಿಯ ವ್ಯವಸ್ಥೆ ಇಷ್ಟೇ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಜಮಖಾನೆ ನವಲಗುಂದದ್ದೇ ಎಂಬುದು ಓದುಗರಿಗೆ ತಿಳಿದಿರಬಹುದು.

ಇವುಗಳನ್ನು ಬಳಸಿದವರು ಮುಖ್ಯವಾಗಿ ಎರಡು ವರ್ಗದವರು. ಒಂದು, ಊರಿನ ಲೆಕ್ಕಪತ್ರ ಬರೆಯುತ್ತಿದ್ದ ಕುಲಕರ್ಣಿಗಳು. ಮುಂಬಯಿ ಸರ್ಕಾರವು 1950ರ ಕಾಯಿದೆಯ ಮೂಲಕ ಕುಲಕರ್ಣಿ ವತನವನ್ನು ರದ್ದುಗೊಳಿಸಿ, ಆ ಕೆಲಸವನ್ನು ಸಂಬಳದ ತಲಾಟಿಗಳಿಗೆ ವಹಿಸಿತು. ಮನೆಯ ಡೆಸ್ಕಿಗೆ ಸರ್ಕಾರಿ ಕೆಲಸ ಉಳಿಯಲಿಲ್ಲ. ಇನ್ನೊಂದು, ಹತ್ತಿ ಮತ್ತು ಕಾಳುಕಡಿ ವ್ಯಾಪಾರಿಗಳು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡ ಸೀಮೆಯ ಹತ್ತಿಗೆ ಬಂದ ಬೆಲೆ ಮತ್ತು 1880ರ ದಶಕದಲ್ಲಿ ಬಂದ ರೈಲು ಈ ಊರುಗಳ ಪೇಟೆಯನ್ನು ಬೆಳೆಸಿದವು. ಅಣ್ಣಿಗೇರಿ ಹುಬ್ಬಳ್ಳಿ–ಗದಗ ಮಾರ್ಗದ ಮೇಲಿರುವ ನಿಲ್ದಾಣ. ಕುಂದಗೋಳದ ಇತಿಹಾಸ ಸ್ವಲ್ಪ ಬೇರೆ. ಅದು 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಹಳೆಯ ವಾಡೆಯ ಪಡಸಾಲೆಯನ್ನು ಕಣ್ಣಾರೆ ಕಾಣಬಯಸುವವರು ಸವಾಯಿ ಗಂಧರ್ವರ ಸ್ಮರಣೆಯ ಸಂಗೀತೋತ್ಸವಕ್ಕೆ ಅಲ್ಲಿನ ನಾಡಿಗೇರ ವಾಡೆಗೆ ಹೋಗಬಹುದು; ಸಂಗೀತವೂ ದೊರೆತಂತಾಯಿತು.

ಅಸಲಿಯೋ ನಕಲಿಯೋ?

ವ್ಯಾಪಾರಿ ಹೇಳುವ ವಯಸ್ಸನ್ನು ಬದಿಗಿಟ್ಟು ಡೆಸ್ಕನ್ನು ಬೋರಲು ಮಾಡಿ ನೋಡುವುದು ಉತ್ತಮ. ಮೇಲ್ಭಾಗಕ್ಕೆ ಯಾರು ಬೇಕಾದರೂ ಬಣ್ಣ ಬಳಿಯಬಹುದು. ತಳದ ಬಗ್ಗೆ ತಲೆಕೆಡಿಸಿಕೊಳ್ಳುವವರು ಕಡಿಮೆ. ಸಗಣಿಯಿಂದ ಸಾರಿಸಿದ ನೆಲದ ಮೇಲೆ ಹಲವು ದಶಕ ಕುಳಿತ ಡೆಸ್ಕಿನ ಕೆಳಅಂಚು ಒದ್ದೆ ಹೀರಿ ಕಪ್ಪಾಗಿರುತ್ತದೆ, ಮೂಲೆಗಳು ಸವೆದು ದುಂಡಾಗಿರುತ್ತವೆ. ತಳದ ಹಲಗೆಗೆ ಪಾಲಿಶು ಇರುವುದಿಲ್ಲ. ಒಳಗೂ ಹೊರಗೂ ತಳಕ್ಕೂ ಒಂದೇ ಬಣ್ಣವಿದ್ದರೆ ಅನುಮಾನಿಸಬೇಕು.

ಮುಂದೆ ಗರಗಸದ ಗುರುತು. ಕೈಗರಗಸದಿಂದ ಸೀಳಿದ ಹಲಗೆಯ ಒರಟು ಮೈಮೇಲೆ ನೇರವಾದ, ಆದರೆ ಒಂದರಂತೆ ಇನ್ನೊಂದಿಲ್ಲದ ಗೆರೆಗಳಿರುತ್ತವೆ. ಯಂತ್ರದ ಚಕ್ರಗರಗಸ ಬಿಲ್ಲಿನಾಕಾರದ ಗೆರೆ ಬಿಡುತ್ತದೆ. ಪೆಟ್ಟಿಗೆಯ ಮೂಲೆಗಳಲ್ಲಿ ಬೆರಳಿಗೆ ಬೆರಳು ಹೆಣೆದಂತೆ ಹಲಗೆಗಳನ್ನು ಕೂಡಿಸಿದ್ದರೆ, ಆ ಹಲ್ಲುಗಳ ಅಗಲ ಒಂದಕ್ಕೊಂದು ತುಸು ಭಿನ್ನವಾಗಿರಬೇಕು. ಅಳೆದು ಕತ್ತರಿಸಿದಂತೆ ಸಮನಾಗಿದ್ದರೆ ಅದು ಯಂತ್ರದ ಕೆಲಸ. ಮರ ಅಗಲದ ದಿಕ್ಕಿನಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಅಷ್ಟಾಗಿ ಕುಗ್ಗುವುದಿಲ್ಲ. ಆದ್ದರಿಂದ ಹಳೆಯ ಮುಚ್ಚಳದಲ್ಲಿ ಹಲಗೆಗಳ ನಡುವೆ ಸಣ್ಣ ಸಂದು ಬಿಟ್ಟಿರುವುದು ದೋಷವಲ್ಲ, ವಯಸ್ಸಿನ ಸಾಕ್ಷಿ.

ಸ್ಕ್ರೂಗಳನ್ನು ತಪ್ಪದೆ ನೋಡಬೇಕು. ತಲೆಯ ಮೇಲೆ ಕೂಡಿಸುವ ಗುರುತಿನಂತಹ ಕಚ್ಚು ಇರುವ ಸ್ಕ್ರೂ ಮಾರುಕಟ್ಟೆಗೆ ಬಂದದ್ದು 1930ರ ದಶಕದಲ್ಲಿ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ‘ನೂರೈವತ್ತು ವರ್ಷದ್ದು’ ಎಂದು ಈ ಲೇಖಕನಿಗೆ ತೋರಿಸಿದ ಡೆಸ್ಕಿನ ಕೀಲುಗಳೆಲ್ಲ ಅಂತಹ ಸ್ಕ್ರೂಗಳ ಮೇಲೇ ನಿಂತಿದ್ದವು. ಕೀಲು ಬದಲಾಯಿಸಿರಬಹುದು ಎಂಬ ವಾದ ನಿಜವೇ. ಆದರೆ ಹಾಗಿದ್ದಲ್ಲಿ ಹಳೆಯ ಕೀಲಿನ ತೂತುಗಳು ಕಾಣಬೇಕಷ್ಟೆ. ಅವು ಇರಲಿಲ್ಲ.

ರೈಲ್ವೆಯಿಂದ ಹರಾಜಾಗಿ ಬಂದವು ಎಂದು ಹೇಳಲಾಗುವ ಎತ್ತರದ ಮೇಜುಗಳ ಮೇಲೆ ಮುದ್ರೆಯಿದ್ದರೆ ಕಾಲ ನಿರ್ಣಯ ಸುಲಭ. ಸದರ್ನ್ ಮರಾಠಾ ರೈಲ್ವೆಯು 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. 1951ರಲ್ಲಿ ಅದು ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. ಎರಡನೆಯ ಹೆಸರಿನ ಮುದ್ರೆ ಹೊತ್ತ ಮೇಜು 1908ಕ್ಕಿಂತ ಹಿಂದಿನದಾಗಿರಲಾರದು. ಮುದ್ರೆ ಒತ್ತುವುದು ಕಷ್ಟದ ಕೆಲಸವೇನಲ್ಲ ಎಂಬುದನ್ನೂ ನೆನಪಿಡಬೇಕು.

ಹಳೆಯ ಬಾಗಿಲು, ಕಿಟಕಿ, ತೊಟ್ಟಿಲುಗಳ ತುಂಡುಗಳನ್ನು ಕೂಡಿಸಿ ಹೊಸ ಡೆಸ್ಕು ಮಾಡುವುದು ಇನ್ನೊಂದು ಬಗೆ. ಮರ ಹಳೆಯದೇ, ವಸ್ತು ಮಾತ್ರ ಹೊಸದು. ಹಾಗೆಂದು ತಿಳಿಸಿ, ಅದಕ್ಕೆ ತಕ್ಕ ಬೆಲೆಗೆ ಮಾರಿದರೆ ಆಕ್ಷೇಪವಿಲ್ಲ. ಆದರೆ ಕಲಘಟಗಿಯ ತೊಟ್ಟಿಲು, ಅದರ ಅರಗಿನ ಬಣ್ಣ ಮತ್ತು ಪುರಾಣದ ಚಿತ್ರಗಳಿಗಾಗಿ ನಾಡಿನಲ್ಲೆಲ್ಲ ಹೆಸರಾದದ್ದು. ಅಂತಹ ಚಿತ್ರದ ಹಲಗೆ ಡೆಸ್ಕಿನ ಮುಖಕ್ಕೆ ಅಂಟಿಕೊಂಡಿದ್ದರೆ, ಒಂದು ಒಳ್ಳೆಯ ತೊಟ್ಟಿಲನ್ನು ಒಡೆದು ಒಂದು ಸಾಧಾರಣ ಡೆಸ್ಕು ಮಾಡಲಾಗಿದೆ ಎಂದೇ ಅರ್ಥ. ಅದನ್ನು ಕೊಳ್ಳದಿರುವುದು ಒಳಿತು.

ಮರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಲಘಟಗಿಯ ಆಚೆಗೆ ಹಳಿಯಾಳ, ದಾಂಡೇಲಿಯ ಕಾಡುಗಳಿರುವುದರಿಂದ ಈ ಸೀಮೆಯ ಒಳ್ಳೆಯ ಸಾಮಾನಿಗೆ ಸಾಗವಾನಿ ಸಹಜವಾಗಿ ಒದಗಿತು. ಹೊನ್ನೆ, ಮತ್ತಿಯ ಮರವೂ ಬಳಕೆಯಲ್ಲಿತ್ತು. ಕುಟ್ಟೆಹುಳುವಿನ ತೂತುಗಳಿದ್ದರೆ ಡೆಸ್ಕನ್ನು ಬಿಳಿಯ ಬಟ್ಟೆಯ ಮೇಲಿಟ್ಟು ತಟ್ಟಿ ನೋಡಬೇಕು. ತಿಳಿಬಣ್ಣದ ಹೊಸ ಹುಡಿ ಉದುರಿದರೆ ಹುಳು ಜೀವಂತವಿದೆ. ಅಂತಹುದನ್ನು ಔಷಧೋಪಚಾರವಿಲ್ಲದೆ ಮನೆಯೊಳಗೆ ತಂದರೆ ಉಳಿದ ಪೀಠೋಪಕರಣಗಳಿಗೂ ಅಪಾಯ.

ಒಳಗಿನ ಕಾಗದಗಳು

ಈ ಲೇಖನದ ಮುಖ್ಯ ವಿಷಯ ಇದು. ಡೆಸ್ಕಿನೊಳಗೆ, ವಿಶೇಷವಾಗಿ ಕಳ್ಳಖಾನೆಯಲ್ಲಿ, ಕಾಗದಗಳು ಉಳಿದಿರುವುದುಂಟು: ಕಿರ್ದಿ ಪುಸ್ತಕ, ಸಾಲಪತ್ರ, ಜಮೀನಿನ ಕಾಗದ, ಮದುವೆಯ ಖರ್ಚಿನ ಪಟ್ಟಿ. ಹಲವು ಮೋಡಿ ಲಿಪಿಯಲ್ಲಿರುತ್ತವೆ. ಮನೆಯ ಇಂದಿನ ತಲೆಮಾರಿಗೆ ಓದಲು ಬಾರದ ಕಾರಣ ರದ್ದಿಗೆ ಹೋಗುತ್ತವೆ. ಒಂದು ಊರಿನಲ್ಲಿ ಯಾವ ವರ್ಷ ಬರ ಬಿತ್ತು, ಯಾರ ಹೊಲ ಯಾರಿಗೆ ಅಡವಾಯಿತು, ಹತ್ತಿಯ ದರ ಎಷ್ಟಿತ್ತು ಎಂಬುದಕ್ಕೆ ಅದಕ್ಕಿಂತ ಉತ್ತಮ ದಾಖಲೆ ಸಿಗುವುದು ಅಪರೂಪ. ಕೊಂಡವರು ಕಾಗದಗಳನ್ನು ಮೊದಲು ಮಾರಿದ ಮನೆಯವರಿಗೆ ಮರಳಿಸಬೇಕು, ಏಕೆಂದರೆ ಅದರಲ್ಲಿ ಅವರ ಆಸ್ತಿಯ ಹಕ್ಕು ಅಡಗಿರಬಹುದು. ಅವರು ಬೇಡವೆಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆಯನ್ನಾಗಲಿ ರಾಜ್ಯ ಪತ್ರಾಗಾರ ಇಲಾಖೆಯನ್ನಾಗಲಿ ವಿಚಾರಿಸಬಹುದು. ಅಲ್ಲಿಯವರೆಗೆ ಬಿಸಿಲಿಗೆ ಒಡ್ಡದೆ, ಅಂಟುಪಟ್ಟಿ ಹಚ್ಚದೆ, ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿಡಬೇಕು. ಹಿಂದೆ ದಫ್ತರಗಳನ್ನು ರುಮಾಲಿನಲ್ಲಿ ಕಟ್ಟಿಡುತ್ತಿದ್ದುದು ಹೀಗೆಯೇ.

ಕಾನೂನಿನ ದೃಷ್ಟಿಯಿಂದಲೂ ಇದು ಮುಖ್ಯ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ಕನಿಷ್ಠ 100 ವರ್ಷ ಹಳೆಯದಾದ ಕುಶಲಕಲೆಯ ವಸ್ತುಗಳು ಪ್ರಾಚ್ಯವಸ್ತುಗಳಾಗಬಲ್ಲವು. ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯದ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ಸಾಕು. ಇವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ವಿದೇಶಕ್ಕೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗನ ಮನೆಗೆ ಅಜ್ಜನ ಡೆಸ್ಕು ಕಳುಹಿಸಬಯಸುವವರು ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ವಿಚಾರಿಸಬೇಕು. ಆನೆದಂತದ ಕೆತ್ತನೆ ಇರುವ ಡೆಸ್ಕನ್ನಂತೂ ಮುಟ್ಟಲೇಬಾರದು. ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ದಂತದ ವ್ಯಾಪಾರ ನಿಷಿದ್ಧ.

ಮನೆಗೆ ತಂದ ಮೇಲೆ

ನವಲಗುಂದ, ಅಣ್ಣಿಗೇರಿಯ ಒಣ ಹವೆಯಲ್ಲಿದ್ದ ಮರ ಮಂಗಳೂರಿನ ತೇವಕ್ಕೆ ಉಬ್ಬುತ್ತದೆ; ಖಾನೆಗಳು ಬಿಗಿಯಾಗುತ್ತವೆ. ಕೂಡಲೇ ಬಡಿಗನನ್ನು ಕರೆದು ಹತ್ತರಿ ಹೊಡೆಸಬೇಡಿ, ಒಂದು ಮಳೆಗಾಲ ಕಾಯಿರಿ. ಹವಾನಿಯಂತ್ರಕದ ಗಾಳಿಗೆ ನೇರವಾಗಿ ಇಟ್ಟರೆ ಬಿರುಕು ಖಚಿತ.

ಹೊಳಪಿಗಾಗಿ ಮೇಲ್ಮೈಯನ್ನು ಕೀಸಿ ತೆಗೆಯುವುದು ದೊಡ್ಡ ತಪ್ಪು. ಮಸಿಯ ಕಲೆ, ಮೊಣಕೈ ತಾಗಿ ಸವೆದ ಅಂಚು, ದೀಪಾವಳಿಯ ಲಕ್ಷ್ಮೀಪೂಜೆಯಂದು ಹಚ್ಚಿದ ಕುಂಕುಮದ ಗುರುತು – ಇವೇ ಅದರ ಬೆಲೆ. ಮೃದುವಾದ ಬಟ್ಟೆಯಿಂದ ಧೂಳು ಒರೆಸಿ, ವರ್ಷಕ್ಕೊಮ್ಮೆ ತೆಳ್ಳಗೆ ಜೇನುಮೇಣ ಹಚ್ಚಿದರೆ ಸಾಕು. ಅಗಸೆ ಎಣ್ಣೆಯನ್ನು ಪದೇ ಪದೇ ಬಳಿದರೆ ಮರ ಕಪ್ಪಾಗಿ ಧೂಳು ಹಿಡಿಯುತ್ತದೆ.

ನೆಲದ ಮೇಲೆ ಕೂರಲಾಗದವರು ಡೆಸ್ಕಿಗೆ ಕಾಲು ಜೋಡಿಸಿ ಮೊಳೆ ಹೊಡೆಸುವ ಬದಲು, ಅದರ ಅಳತೆಗೆ ಒಂದು ಪ್ರತ್ಯೇಕ ಪೀಠ ಮಾಡಿಸಿಕೊಳ್ಳಬಹುದು. ಬರೆಯುವ ಅಂಚು ನೆಲದಿಂದ ಸುಮಾರು 29 ಇಂಚು ಎತ್ತರಕ್ಕೆ ಬಂದರೆ ಸಾಮಾನ್ಯ ಕುರ್ಚಿಗೆ ಹೊಂದುತ್ತದೆ. ಇಳಿಜಾರಿನ ಕೆಳಗೆ ತಡೆಪಟ್ಟಿ ಇದ್ದರೆ ಲ್ಯಾಪ್‌ಟಾಪ್ ಜಾರುವುದಿಲ್ಲ, ಆದರೆ ಮಣಿಕಟ್ಟಿಗೆ ಆ ಪಟ್ಟಿ ಒತ್ತುತ್ತದೆ. ಕಾಗದ ಮತ್ತು ಪೆನ್ನಿಗೇ ಅದು ಹೆಚ್ಚು ಅನುಕೂಲ. ಇನ್ನು ಬೀಗ: ಕೀಲಿಕೈ ಇಲ್ಲದ ಹಳೆಯ ಬೀಗವನ್ನು ಕಿತ್ತು ಹೊಸದನ್ನು ಹಾಕಿಸುವ ಅವಸರ ಬೇಡ. ಹುಬ್ಬಳ್ಳಿ, ಗದಗ ಪೇಟೆಗಳಲ್ಲಿ ಕೀಲಿ ಮಾಡುವವರಿಗೆ ಬೀಗವನ್ನೇ ಒಯ್ದು ತೋರಿಸಿದರೆ ಅದಕ್ಕೆ ಹೊಂದುವ ಕೀಲಿಯನ್ನು ಅರದಿಂದ ತಿಕ್ಕಿ ಮಾಡಿಕೊಡುತ್ತಾರೆ.