ಸೆಕೆಂಡಿಗೊಮ್ಮೆ ಮಿನುಗುವ ಕೆಂಪು ದೀಪ

(1/5)
ಫೋಟೋದಲ್ಲಿರೋ ಬೂದು ಡಬ್ಬದ ಪೂರ್ತಿ ಹೆಸರು ನಿಂಟೆಂಡೊ ಎಂಟರ್‌ಟೈನ್‌ಮೆಂಟ್ ಸಿಸ್ಟಮ್, ಚಿಕ್ಕದಾಗಿ ಎನ್‌ಇಎಸ್. 1985ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಅಂಗಡಿಗಳಿಗೆ ಬಂತು. ಈಗಲೂ ಇದನ್ನ "ಡೆಡ್ ಪೀಸ್" ಅಂತ ಬರೆದು ಕಡಿಮೆ ರೇಟಿಗೆ ಮಾರೋರು ಇದ್ದಾರೆ, ಸೀದಾ ಗುಜರಿಗೆ ಹಾಕೋರೂ ಇದ್ದಾರೆ. ಅದರಲ್ಲಿ ಎಷ್ಟೋ ಪೀಸು ಸತ್ತಿರೋದೇ ಇಲ್ಲ. ಇವತ್ತಿನ ಸರಣಿ ಅದರ ಬಗ್ಗೆ.

ಲಕ್ಷಣ ಹೀಗಿರುತ್ತೆ. ಕಾರ್ಟ್ರಿಜ್ ಹಾಕ್ತೀರಿ, ಪವರ್ ಒತ್ತುತ್ತೀರಿ. ಕೆಂಪು ದೀಪ ಹತ್ತುತ್ತೆ, ಆರುತ್ತೆ, ಮತ್ತೆ ಹತ್ತುತ್ತೆ, ಮತ್ತೆ ಆರುತ್ತೆ. ಸರಿಯಾಗಿ ಸೆಕೆಂಡಿಗೊಂದು ಸಲ. ಟಿವಿ ಪರದೆಯೂ ಅದೇ ತಾಳಕ್ಕೆ ಬಂದು ಹೋಗ್ತಿರುತ್ತೆ.

ನೋಡಿದ ತಕ್ಷಣ ಯಾರಾದ್ರೂ ಕರೆಂಟಿನ ಸಮಸ್ಯೆ ಅಂತಾರೆ, ಅಡಾಪ್ಟರ್ ಮೇಲೆ ತಪ್ಪು ಹಾಕ್ತಾರೆ. ಆದ್ರೆ ಯೋಚನೆ ಮಾಡಿ. ಅಡಾಪ್ಟರ್ ಹೋಗಿದ್ರೆ ದೀಪ ಹತ್ತೋದೇ ಇಲ್ಲ. ವೈರು ಲೂಸ್ ಆಗಿದ್ರೆ ಮನಸ್ಸಿಗೆ ಬಂದ ಹಾಗೆ ಮಿನುಗುತ್ತೆ. ಇಷ್ಟು ಶಿಸ್ತಾಗಿ, ಗಡಿಯಾರ ಇಟ್ಟು ಲೆಕ್ಕ ಹಾಕಿದ ಹಾಗೆ ಮಿನುಗ್ತಿದೆ ಅಂದ್ರೆ ಒಳಗೆ ಏನೋ ಒಂದು ಬೇಕಂತಲೇ ಅದನ್ನ ಮಾಡ್ತಿದೆ. ನಿಜವಾಗ್ಲೂ ಅದೇ ಆಗ್ತಿರೋದು. ಒಳಗಿರೋ ಒಂದು ಪುಟ್ಟ ಚಿಪ್ ಸೆಕೆಂಡಿಗೊಮ್ಮೆ ಇಡೀ ಯಂತ್ರವನ್ನ ರೀಸೆಟ್ ಮಾಡ್ತಾ ಕೂತಿದೆ. ಯಂತ್ರ ಕೆಟ್ಟಿಲ್ಲ, ನಿಮ್ಮ ಕಾರ್ಟ್ರಿಜ್‌ನ ಒಳಗೆ ಬಿಡ್ತಿಲ್ಲ ಅಷ್ಟೇ.

ಆ ಚಿಪ್‌ನ ಅಲ್ಲಿ ಕೂರಿಸಿದ್ದು ಯಾಕೆ ಅನ್ನೋದಕ್ಕೆ ಉತ್ತರ ಎಲೆಕ್ಟ್ರಾನಿಕ್ಸ್‌ನವರ ಹತ್ತಿರ ಅರ್ಧ ಇದೆ. ಇನ್ನರ್ಧ ನಮ್ಮ ಬಿಕಾಂನವರ ಹತ್ತಿರ ಇದೆ ಅಂತ ನನ್ನ ವಾದ.

(2/5)
ಸ್ವಲ್ಪ ಹಿಂದೆ ಹೋಗೋಣ. 1977ರಲ್ಲಿ ಬಂದ ಅಟಾರಿ 2600ಗೆ ಬೀಗ ಅನ್ನೋದೇ ಇರ್ಲಿಲ್ಲ. ಯಾರು ಬೇಕಾದ್ರೂ ಕಾರ್ಟ್ರಿಜ್ ಮಾಡಿ ಮಾರಬಹುದಿತ್ತು. 1979ರಲ್ಲಿ ಅಟಾರಿಯಿಂದ ಹೊರಬಂದ ಪ್ರೋಗ್ರಾಮರ್‌ಗಳು ಆಕ್ಟಿವಿಷನ್ ಶುರು ಮಾಡಿದ್ರು, ಒಳ್ಳೊಳ್ಳೆ ಗೇಮ್ ಕೊಟ್ರು. ಅದನ್ನ ನೋಡಿ ಎಲ್ಲರಿಗೂ ಆಸೆ ಹುಟ್ಟಿತು. ಎಷ್ಟರ ಮಟ್ಟಿಗೆ ಅಂದ್ರೆ ಕ್ವೇಕರ್ ಓಟ್ಸ್ ಕಂಪನಿ ಕೂಡ ಒಂದು ವಿಡಿಯೊ ಗೇಮ್ ಕಂಪನಿಯನ್ನ ಕೊಂಡುಕೊಂಡಿತು. ಹೌದು, ನೀವು ಬೆಳಿಗ್ಗೆ ಹಾಲಿಗೆ ಹಾಕ್ಕೊಂಡು ತಿನ್ನೋ ಓಟ್ಸ್‌ನವರೇ.

ಗಿರಾಕಿಗೆ ಅಂಗಡಿಯಲ್ಲಿ ಕಾಣೋದು ಡಬ್ಬದ ಮೇಲಿನ ಬಣ್ಣದ ಚಿತ್ರ ಮಾತ್ರ. ಒಳಗಿನ ಗೇಮ್ ಹೇಗಿದೆ ಅಂತ ಮನೆಗೆ ತಂದು ಹಾಕಿದ ಮೇಲೇ ಗೊತ್ತಾಗೋದು. ಹಳೇ ಕಾರುಗಳ ಮಾರುಕಟ್ಟೆ ಬಗ್ಗೆ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದದ್ದು ನಿಮ್ಮಲ್ಲಿ ಕೆಲವರು ಓದಿರ್ತೀರಿ. ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ಅಂತ ಕೊಳ್ಳೋನಿಗೆ ಗೊತ್ತಾಗದೇ ಇದ್ರೆ ಕೆಟ್ಟ ಸರಕೇ ಒಳ್ಳೇ ಸರಕನ್ನ ಮಾರುಕಟ್ಟೆಯಿಂದ ಆಚೆ ತಳ್ಳುತ್ತೆ. ಅಮೆರಿಕದಲ್ಲಿ 1982, 83ರಲ್ಲಿ ಆಗಿದ್ದು ಬಹುಮಟ್ಟಿಗೆ ಅದೇ. ಮಾರಾಟವಾಗದ ಗೇಮ್‌ಗಳನ್ನ ಅಂಗಡಿಯವರು ಬುಟ್ಟಿಗೆ ಸುರಿದು ಸಿಕ್ಕಿದ ರೇಟಿಗೆ ಮಾರಿದ್ರು. ಅಟಾರಿ ತನ್ನ ಉಳಿದ ಸರಕನ್ನ ನ್ಯೂಮೆಕ್ಸಿಕೊದ ಅಲಮೊಗೊರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತಿತು. ಇದು ಕಟ್ಟುಕಥೆ ಅಂತ ತುಂಬಾ ಜನ ಅಂದ್ಕೊಂಡಿದ್ರು, 2014ರಲ್ಲಿ ಅಗೆದಾಗ ಕಾರ್ಟ್ರಿಜ್‌ಗಳು ಸಿಕ್ಕವು. 1983ರಲ್ಲಿ ಸುಮಾರು 320 ಕೋಟಿ ಡಾಲರ್ ಇದ್ದ ಅಲ್ಲಿನ ಮನೆ ವಿಡಿಯೊ ಗೇಮ್ ವ್ಯಾಪಾರ 1985ರ ಹೊತ್ತಿಗೆ ಸುಮಾರು 10 ಕೋಟಿಗೆ ಬಿತ್ತು. ಇನ್ನೊಂದು ಸಲ ಓದಿ, ಸೊನ್ನೆ ಬಿಟ್ಟುಹೋಗಿಲ್ಲ.

(3/5)
ಇಂಥ ಮಾರುಕಟ್ಟೆಗೆ ಕ್ಯೋಟೊದ ನಿಂಟೆಂಡೊ ಕಾಲಿಡಬೇಕಿತ್ತು. ಜಪಾನಿನಲ್ಲಿ 1983ರ ಜುಲೈನಲ್ಲೇ ಮಸಾಯುಕಿ ಉಎಮುರಾ ತಂಡದ ಫ್ಯಾಮಿಕಾಮ್ ಬಂದಿತ್ತು. ಮೇಲಿಂದ ಕಾರ್ಟ್ರಿಜ್ ಚುಚ್ಚೋದು, 60 ಪಿನ್, ಬೀಗ ಇಲ್ಲ. ಅಮೆರಿಕಕ್ಕೆ ಅದನ್ನೇ ಕಳಿಸೋ ಹಾಗಿರ್ಲಿಲ್ಲ, ಯಾಕಂದ್ರೆ ವಿಡಿಯೊ ಗೇಮ್ ಅಂದ್ರೆ ಅಲ್ಲಿನ ಅಂಗಡಿಯವರು ಬಾಗಿಲಲ್ಲೇ ಕೈ ಮುಗೀತಿದ್ರು.

ಅದಕ್ಕೆ ಎರಡು ತೀರ್ಮಾನ ಆಯ್ತು. ಮೊದಲನೇದು ವೇಷ. ಲ್ಯಾನ್ಸ್ ಬಾರ್ ಅನ್ನೋ ಡಿಸೈನರ್ ಅದಕ್ಕೆ ವಿಸಿಆರ್ ರೂಪ ಕೊಟ್ರು. ಮುಂದಿನ ಮುಚ್ಚಳ ಎತ್ತಿ, ಕಾರ್ಟ್ರಿಜ್‌ನ ಅಡ್ಡವಾಗಿ ಒಳಗೆ ತಳ್ಳಿ, ಕೆಳಕ್ಕೆ ಒತ್ತಬೇಕು. ಒತ್ತಿದಾಗ ಒಳಗಿನ 72 ಸ್ಪ್ರಿಂಗ್ ಪಿನ್‌ಗಳು ಕಾರ್ಟ್ರಿಜ್‌ನ ಹಿಡ್ಕೊಳ್ತವೆ. ನೋಡೋಕೆ ಬಲು ಚೆಂದ. ಆದ್ರೆ ಪ್ರತಿ ಸಲ ಒತ್ತಿದಾಗಲೂ ಆ ಪಿನ್‌ಗಳು ಒಂಚೂರು ಬಾಗ್ತವೆ. ಸಾವಿರ ಸಲ ಒತ್ತಿದ ಮೇಲೆ ಹಿಡಿತ ಸಡಿಲ, ಮೇಲೆ ಧೂಳು, ಕಿಲುಬು.

ಎರಡನೇದು ಬೀಗ. ಯಂತ್ರದಲ್ಲೊಂದು ಚಿಪ್, ಪ್ರತಿ ಕಾರ್ಟ್ರಿಜ್‌ನಲ್ಲೂ ಒಂದು ಚಿಪ್. ಪವರ್ ಕೊಟ್ಟ ಕ್ಷಣದಿಂದ ಇವೆರಡೂ ಗುಟ್ಟಿನ ಮಾತಾಡ್ತಾನೇ ಇರಬೇಕು. ಒಂದು ಅಂಕಿ ತಾಳೆ ಆಗ್ಲಿಲ್ಲ ಅಂದ್ರೂ ಯಂತ್ರದ ಚಿಪ್ ರೀಸೆಟ್ ಒತ್ತುತ್ತೆ. ಈ ಮಾತುಕತೆಗೆ ಅಂತಲೇ 72ರಲ್ಲಿ 4 ಪಿನ್ ಮೀಸಲು.

ಈಗ ಎರಡನ್ನೂ ಸೇರಿಸಿ ನೋಡಿ. ಪಿನ್ ಸಡಿಲ ಆಗಿ ಆ ನಾಲ್ಕರಲ್ಲಿ ಒಂದು ಸರಿಯಾಗಿ ಮುಟ್ಟದೇ ಹೋದ್ರೆ ಸಾಕು, ನೀವು ದುಡ್ಡು ಕೊಟ್ಟು ತಂದ ಅಸಲಿ ಗೇಮ್ ಕೂಡ ಕಳ್ಳಮಾಲು ಅಂತ ಲೆಕ್ಕ. ಕಾವಲುಗಾರನಿಗೆ ಕಿವಿ ಮಂದ ಆಗಿದೆ, ಆದ್ರೂ ಮನೆ ಯಜಮಾನನಿಗೇ "ಯಾರು ನೀನು" ಅಂತ ಕೇಳ್ತಾ ನಿಂತಿದಾನೆ. ಒಂದು ವೇಷಕ್ಕೋಸ್ಕರ, ಇನ್ನೊಂದು ಬೀಗಕ್ಕೋಸ್ಕರ. ಕೆಂಪು ದೀಪದ ರೋಗ ಹುಟ್ಟಿದ್ದು ಇವೆರಡರ ಸಂಬಂಧದಿಂದ.

(4/5)
ಬೀಗ ಗುಣಮಟ್ಟಕ್ಕೆ ಅಂತ ನಿಂಟೆಂಡೊ ಹೇಳ್ತಿತ್ತು, ಡಬ್ಬದ ಮೇಲೆ ಚಿನ್ನದ ಬಣ್ಣದ ಮುದ್ರೆ ಬೇರೆ. ನನಗೆ ಇದು ಅರ್ಧ ಸತ್ಯ ಅನ್ಸುತ್ತೆ. ಆ ಚಿಪ್ ಗೇಮ್ ಚೆನ್ನಾಗಿದೆಯಾ ಅಂತ ನೋಡೋದೇ ಇಲ್ಲ, ಅದು ನೋಡೋದು ಪರವಾನಗಿ ಮಾತ್ರ. ಪರವಾನಗಿ ಬೇಕು ಅಂದ್ರೆ ಕಾರ್ಟ್ರಿಜ್‌ಗಳನ್ನ ನಿಂಟೆಂಡೊ ಕೈಯಲ್ಲೇ ಮಾಡಿಸಬೇಕು, ವರ್ಷಕ್ಕೆ 5 ಗೇಮ್ ದಾಟಬಾರದು, ಅದೇ ಗೇಮ್‌ನ 2 ವರ್ಷ ಬೇರೆ ಕಂಪನಿಯ ಯಂತ್ರಕ್ಕೆ ಕೊಡಬಾರದು. ಮಾರುಕಟ್ಟೆ ಉಳಿಸೋಕೆ ಹಾಕಿದ ಬೇಲಿ ಅನ್ನೋದು ನಿಜ. ಬೇಲಿಯ ಗೇಟಲ್ಲಿ ಟೋಲ್ ವಸೂಲಿ ಇತ್ತು ಅನ್ನೋದೂ ಅಷ್ಟೇ ನಿಜ.

ಬೇಲಿ ಹಾರಿದವರಲ್ಲಿ ದೊಡ್ಡ ಹೆಸರು ಅಟಾರಿ ಗೇಮ್ಸ್. ಹಳೇ ಅಟಾರಿಯ ಆರ್ಕೇಡ್ ಭಾಗ ಅದು, ಟೆಂಗೆನ್ ಹೆಸರಲ್ಲಿ ಎನ್‌ಇಎಸ್‌ಗೆ ಗೇಮ್ ಮಾಡ್ತಿತ್ತು. ಚಿಪ್‌ನ ಗುಟ್ಟು ಬಿಡಿಸೋಕೆ ಆಗದೇ, ಅಮೆರಿಕದ ಕಾಪಿರೈಟ್ ಆಫೀಸಿಗೆ ಹೋಗಿ ಕೋರ್ಟ್ ಕೇಸಿಗೆ ಬೇಕು ಅಂತ ಸುಳ್ಳು ಹೇಳಿ ಪ್ರೋಗ್ರಾಮ್‌ನ ನಕಲು ತಗೊಂಡ್ರು. ಅದರ ಸಹಾಯದಿಂದ ತಮ್ಮದೇ ಚಿಪ್ ಮಾಡಿ, ಹೆಸರು ರ‍್ಯಾಬಿಟ್ ಅಂತ ಇಟ್ಟು, 1988ರಲ್ಲಿ ಲೈಸೆನ್ಸ್ ಇಲ್ಲದೇ ಗೇಮ್ ಮಾರಿದ್ರು. 1992ರಲ್ಲಿ ಮೇಲ್ಮನವಿ ಕೋರ್ಟು ಕೂಡ ಅವರ ವಿರುದ್ಧವೇ ತೀರ್ಪು ಕೊಟ್ಟಿತು.

ಇಷ್ಟು ಓದಿ "ನಮ್ಮನೇಲೂ ಇತ್ತು, ಆದ್ರೆ ದೀಪ ಮಿನುಗಿದ್ದು ನೋಡೇ ಇಲ್ಲ" ಅಂತ ನಿಮ್ಮ ಅಣ್ಣನೋ ಮಾವನೋ ಹೇಳಬಹುದು. ಸರಿಯಾಗೇ ಹೇಳ್ತಿದಾರೆ. 90ರ ದಶಕದಲ್ಲಿ ನಮ್ಮ ಕಡೆ ಮನೆಮನೆಗೆ ಬಂದಿದ್ದು ಮೀಡಿಯಾ, ಲಿಟಲ್ ಮಾಸ್ಟರ್ ಥರದ ಯಂತ್ರಗಳು. ಅವು ಎನ್‌ಇಎಸ್‌ನ ನಕಲು ಅಲ್ಲ, ಜಪಾನಿನ ಫ್ಯಾಮಿಕಾಮ್‌ನ ನಕಲು. ಮೂಲದಲ್ಲೇ ಬೀಗ ಇರ್ಲಿಲ್ಲ, ಹಾಗಾಗಿ ನಕಲಿನಲ್ಲೂ ಇಲ್ಲ. ಪಿನ್ ಸರಿಯಾಗಿ ಮುಟ್ಟದಿದ್ರೆ ಪರದೆ ಮೇಲೆ ಕಲಸುಮೇಲೋಗರ ಚಿತ್ರ ಬರ್ತಿತ್ತು, ಇಲ್ಲಾ ಬರೀ ಒಂದು ಬಣ್ಣ. ಆಗ ಮಾವ ಕ್ಯಾಸೆಟ್ ಕಿತ್ತು, ಉಫ್ ಅಂತ ಊದಿ, ಮತ್ತೆ ಹಾಕೋರು. ಅಮೆರಿಕದ ಮಕ್ಕಳೂ ಅದನ್ನೇ ಮಾಡ್ತಿದ್ರು. ಯಾರು ಯಾರಿಗೂ ಹೇಳಿಕೊಟ್ಟಿರ್ಲಿಲ್ಲ ನೋಡಿ.

ಊದಿದ್ರೆ ಸರಿ ಹೋಗ್ತಿತ್ತಾ? ಹೋಗ್ತಿತ್ತು, ಆದ್ರೆ ಬಹುತೇಕ ಊದಿದ್ದಕ್ಕಲ್ಲ, ಕಿತ್ತು ಮತ್ತೆ ಹಾಕಿದ್ದಕ್ಕೆ. ಊದಿದಾಗ ಬಾಯಿಯ ತೇವ ಪಿನ್ ಮೇಲೆ ಕೂತು ಕಿಲುಬು ಬೇಗ ಹಿಡಿಯುತ್ತೆ. ಊದಬೇಡಿ ಅಂತ ನಿಂಟೆಂಡೊ ಕೂಡ ಹೇಳಿತ್ತು. ಯಾರು ಕೇಳ್ತಾರೆ!

(5/5)
ಈಗ ರಿಪೇರಿ. ಮೊದಲು ಒಂದು ಎಚ್ಚರಿಕೆ. ಅಮೆರಿಕದಿಂದ ಯಾರಾದ್ರೂ ತಂದುಕೊಟ್ಟ ಎನ್‌ಇಎಸ್ ಆಗಿದ್ರೆ ಅದರ ಅಡಾಪ್ಟರ್ 120 ವೋಲ್ಟಿನದ್ದು. ನಮ್ಮ 230ಕ್ಕೆ ನೇರ ಚುಚ್ಚಿದ್ರೆ ಸುಟ್ಟೇ ಹೋಗುತ್ತೆ. ಸ್ಟೆಪ್‌ಡೌನ್ ಕನ್ವರ್ಟರ್ ಇಲ್ಲದೇ ಮುಟ್ಟಬೇಡಿ.

ಬೇರೆ ಬೇರೆ ಕಾರ್ಟ್ರಿಜ್ ಹಾಕಿ ನೋಡಿ. ಒಂದರಲ್ಲಿ ಮಾತ್ರ ಮಿನುಗಿದ್ರೆ ತೊಂದರೆ ಆ ಕಾರ್ಟ್ರಿಜ್‌ದು. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪಿನ್ ಒರೆಸಿ, ಹತ್ತಿ ಕಪ್ಪಾಗೋದು ನಿಲ್ಲೋವರೆಗೂ ಒರೆಸಿ. ಬೆಂಗಳೂರಲ್ಲಿದ್ರೆ ಎಸ್‌ಪಿ ರೋಡಲ್ಲಿ ಕೇಳಿ. ಎಲ್ಲದರಲ್ಲೂ ಮಿನುಗಿದ್ರೆ ತೊಂದರೆ ಒಳಗಿನ 72 ಪಿನ್ ಕನೆಕ್ಟರ್‌ದು.

ಪ್ಲಗ್ ಕಿತ್ತು, ಯಂತ್ರ ಮಗುಚಿ, ಕೆಳಗಿನ 6 ಸ್ಕ್ರೂ ಬಿಚ್ಚಿ. ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಲೋಹದ ತಗಡು, ಕಾರ್ಟ್ರಿಜ್ ಕೂರೋ ಟ್ರೇ ತೆಗೆದ್ರೆ ಕಪ್ಪು ಕನೆಕ್ಟರ್ ಬೋರ್ಡಿನ ಅಂಚಿಗೆ ಸಿಕ್ಕಿಸಿರೋದು ಕಾಣುತ್ತೆ. ಬೆಸುಗೆ ಇಲ್ಲ, ಎಳೆದ್ರೆ ಬರುತ್ತೆ. ಅದನ್ನ ನೀರಲ್ಲಿ ಹಾಕಿ ಕುದಿಸಿ. ತಮಾಷೆ ಅಲ್ಲ, ಇದು ಎಲ್ಲರೂ ಮಾಡೋ ಮದ್ದು, ವರ್ಷಗಳ ಜಿಡ್ಡು ಬಿಡುತ್ತೆ. ಪೂರ್ತಿ ಒಣಗಿಸಿ ವಾಪಸ್ ಹಾಕಿ. ಒಣಗೋಕೆ ಒಂದು ದಿನ ಹೋದ್ರೂ ಹೋಗ್ಲಿ. ಹೊಸ ಕನೆಕ್ಟರ್‌ಗಳೂ ಮಾರಾಟಕ್ಕೆ ಸಿಗ್ತವೆ, ಆದ್ರೆ ಎಷ್ಟೋ ಸಲ ಅವು ಕಾರ್ಟ್ರಿಜ್‌ನ ವಿಪರೀತ ಬಿಗಿಯಾಗಿ ಹಿಡಿಯುತ್ತವೆ. ಹಳೇದು ಬದುಕೋ ಹಾಗಿದ್ರೆ ಹಳೇದೇ ವಾಸಿ.

ಕೊನೇ ಮದ್ದು ಬೀಗಕ್ಕೇ ಕೈ ಹಾಕೋದು. ಬೋರ್ಡಿನಲ್ಲಿ 3193 ಅಂತ ಬರೆದಿರೋ ಚಿಪ್ ಹುಡುಕಿ, ಅದರ 4ನೇ ಕಾಲು ಕತ್ತರಿಸಿ, ತುಂಡಾದ ಕಾಲನ್ನ ಗ್ರೌಂಡ್‌ಗೆ ಸೇರಿಸ್ತಾರೆ. ಬೀಗ ಮತ್ತು ಕೀಲಿ ಎರಡೂ ಕಡೆ ಒಂದೇ ಥರದ ಚಿಪ್ ಇರೋದ್ರಿಂದ ಯಾರು ಬೀಗ, ಯಾರು ಕೀಲಿ ಅಂತ ಹೇಳೋದು ಆ ಒಂದು ಕಾಲು. ಅದು ಹೋದ ಮೇಲೆ ಕಾವಲುಗಾರ ತಾನೂ ಗಿರಾಕಿ ಅಂದ್ಕೊಂಡು ಸುಮ್ಮನೆ ಕೂರ್ತಾನೆ, ರೀಸೆಟ್ ಒತ್ತೋರೇ ಇಲ್ಲ. ಇದನ್ನ ಕೊನೇಗೆ ಇಟ್ಟುಕೊಳ್ಳಿ ಅಂತೀನಿ, ಯಾಕಂದ್ರೆ ಪಿನ್ ಕೊಳೆ ಇದ್ರೆ ಬೀಗ ತೆಗೆದರೂ ಚಿತ್ರ ಕಲಸುಮೇಲೋಗರವೇ.

1993ರಲ್ಲಿ ನಿಂಟೆಂಡೊ ಎನ್‌ಇಎಸ್‌ನ ಎರಡನೇ ರೂಪ ಬಿಟ್ಟಿತು, ಬೆಲೆ 49.99 ಡಾಲರ್. ಅಷ್ಟೊತ್ತಿಗೆ ಅಂಗಡಿಯವರ ಭಯ ಹೋಗಿತ್ತು, ವಿಸಿಆರ್ ವೇಷ ಬೇಕಾಗಿರ್ಲಿಲ್ಲ. ಕಾರ್ಟ್ರಿಜ್ ಮತ್ತೆ ಮೇಲಿಂದ ಚುಚ್ಚೋದು ಬಂತು. ಬೀಗದ ಚಿಪ್‌ನ ಅವರೇ ತೆಗೆದುಹಾಕಿದ್ರು. ಪವರ್ ದೀಪವನ್ನೂ ತೆಗೆದ್ರು.