ಶ್ರೀಗಿರಿಯ ದಾರಿ



ಫಾಲ್ಗುಣ ಮಾಸ ಬಂತೆಂದರೆ ನಮ್ಮ ತೇರದಾಳ, ರಬಕವಿ, ಬನಹಟ್ಟಿ, ಜಮಖಂಡಿ ಸೀಮೆಯ ಜನರ ಕಾಲು ತಾವಾಗಿಯೇ ಮೂಡಣಕ್ಕೆ ತಿರುಗುತ್ತವೆ. ಯುಗಾದಿಯೊಳಗೆ ಶ್ರೀಶೈಲ ಮುಟ್ಟಬೇಕೆಂದು ಹೆಗಲಿಗೆ ಕಂಬಿ ಏರಿಸಿ, ಮಲ್ಲಯ್ಯನ ಹೆಸರು ಹೇಳುತ್ತ ಹೊರಡುತ್ತಾರೆ. ಶ್ರೀಶೈಲ ಎಂಬ ಪೂರ್ಣ ಹೆಸರೂ ಅವರಿಗೆ ಬೇಕಿಲ್ಲ. ‘ಪರ್ವತಕ್ಕ ಹೊಂಟೀವ್ರಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಲೋಕದಲ್ಲಿ ಪರ್ವತಗಳು ಎಷ್ಟೋ ಇವೆ. ನಮ್ಮ ಜನರಿಗೆ ಪರ್ವತ ಒಂದೇ.

ಹೀಗೆ ಹೊರಟು ನಿಂತ ತಾಯಿಯೊಬ್ಬಳು ಮಠಕ್ಕೆ ಬಂದು ಕೇಳಿದಳು: ‘ಅಜ್ಜಾರ, ಕೊಳ್ಳಾಗ ಲಿಂಗ ಐತಿ. ದೇವರು ಅಲ್ಲೇ ಅದಾನ ಅಂತ ನೀವ ಹೇಳ್ತೀರಿ. ಮತ್ತ ಪರ್ವತಕ್ಕ ಯಾಕ ಹೋಗಬೇಕು?’ ಈ ಪ್ರಶ್ನೆ ಸಣ್ಣದಲ್ಲ. ಶರಣರ ಕಾಲದಿಂದಲೂ ಇದು ಇದೆ. ಇದಕ್ಕೆ ಉತ್ತರ ಹೇಳುವ ಮೊದಲು ಆ ಗಿರಿ ಎಂಥದು, ಅದರ ಚರಿತ್ರೆ ಏನು ಎಂಬುದನ್ನು ತಿಳಿಯೋಣ.

ನಮ್ಮ ಸೀಮೆಯ ಹೊಲಗಳಿಗೆ ನೀರುಣಿಸುವ ಕೃಷ್ಣೆ ಇದ್ದಾಳಲ್ಲ, ಅವಳೇ ಶ್ರೀಶೈಲದ ದಾರಿಯನ್ನು ಮೊದಲು ನಡೆದವಳು. ಇಲ್ಲಿಂದ ಹರಿದು ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡುತ್ತಾಳೆ. ಮುಂದೆ ಭೀಮೆಯನ್ನೂ ತುಂಗಭದ್ರೆಯನ್ನೂ ಸೇರಿಸಿಕೊಂಡು ನಲ್ಲಮಲ ಬೆಟ್ಟಗಳನ್ನು ಕೊರೆದುಕೊಂಡು ಹೋಗುತ್ತಾಳೆ. ನಲ್ಲಮಲ ಎಂದರೆ ತೆಲುಗಿನಲ್ಲಿ ಕಪ್ಪು ಬೆಟ್ಟ. ಮಲ್ಲಿಕಾರ್ಜುನನ ಗುಡಿ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದಲ್ಲಿದೆ. ನದಿ ಬಹಳ ಆಳದ ಕಣಿವೆಯಲ್ಲಿದೆ. ಆದ್ದರಿಂದಲೇ ಅಲ್ಲಿ ಅವಳ ಹೆಸರು ಪಾತಾಳಗಂಗೆ. ತೇರದಾಳದವರು ಅಷ್ಟು ದೂರ ನಡೆದು ಪಾತಾಳಗಂಗೆಯಲ್ಲಿ ಮುಳುಗಿದರೆ, ತಮ್ಮೂರ ಹೊಳೆಯ ನೀರಿನಲ್ಲಿಯೇ ಮುಳುಗಿದಂತೆ!

ನಡೆದುಹೋಗುವವರ ದಾರಿ ಆತ್ಮಕೂರಿನಾಚೆ ಕಾಡನ್ನು ಹೊಗುತ್ತದೆ. ನಾಗಲೂಟಿಯ ವೀರಭದ್ರನ ಗುಡಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸಬಾಗಿಲು ಇವು ಒಂದೊಂದೂ ಒಂದೊಂದು ಪರೀಕ್ಷೆ. ಭೀಮನಕೊಳ್ಳದ ಏರನ್ನು ಹತ್ತುವಾಗ ಸಾವುಕಾರನೂ ಕೂಲಿಯವನೂ ಒಂದೇ ರೀತಿ ಏದುತ್ತಾರೆ. ಹಿಂದೆ ಬಿದ್ದವನ ಗಂಟನ್ನು ಮುಂದಿದ್ದವನು ಹೊರುತ್ತಾನೆ. ಅಲ್ಲಿ ಯಾರೂ ಯಾರ ಕುಲವನ್ನೂ ಕೇಳುವುದಿಲ್ಲ. ಕೇಳುವುದಕ್ಕೆ ಉಸಿರೇ ಇರುವುದಿಲ್ಲ.

ಮೋಟಾರಿನಲ್ಲಿ ದೋರ್ನಾಲದ ಕಡೆಯಿಂದ ಹೋಗುವವರಿಗೆ ಮೊದಲು ಸಿಗುವುದು ಶಿಖರ. ಆ ಸುತ್ತಿನಲ್ಲೆಲ್ಲ ಎತ್ತರವಾದದ್ದು ಅದೇ, ಸುಮಾರು 2,830 ಅಡಿ. ನೆತ್ತಿಯ ಮೇಲೆ ಶಿಖರೇಶ್ವರನ ಪುಟ್ಟ ಗುಡಿ. ಭಕ್ತರು ಅಲ್ಲಿ ಎಳ್ಳು ಅರ್ಪಿಸಿ, ನಂದಿಯ ಕೋಡುಗಳ ನಡುವಿನಿಂದ ದೂರದ ಮಲ್ಲಯ್ಯನ ಗುಡಿಯ ಶಿಖರವನ್ನು ನೋಡುತ್ತಾರೆ. ಅದನ್ನು ಕಂಡವರಿಗೆ ಮರುಹುಟ್ಟಿಲ್ಲವೆಂದು ನಂಬಿಕೆ.

ಈ ಕಾಡು ಚೆಂಚು ಜನರ ತವರು. ಮಲ್ಲಯ್ಯ ತಮ್ಮ ಕುಲದ ಹೆಣ್ಣನ್ನು ಮದುವೆಯಾದನೆಂದು ಅವರು ಹೇಳುತ್ತಾರೆ. ಅವನನ್ನು ಚೆಂಚು ಮಲ್ಲಯ್ಯ ಎಂದೇ ಕರೆಯುತ್ತಾರೆ. ನಮ್ಮ ಕಡೆಯವರು ಭ್ರಮರಾಂಬೆ ತಮ್ಮ ಮನೆಮಗಳೆಂದು ಯುಗಾದಿಗೆ ಸೀರೆ, ಅರಿಷಿಣ, ಕುಂಕುಮ ಒಯ್ಯುತ್ತಾರೆ. ಅಂದಮೇಲೆ ಮಲ್ಲಯ್ಯ ಕಾಡಿನವರಿಗೂ ಅಳಿಯ, ಕರ್ನಾಟಕದವರಿಗೂ ಅಳಿಯ. ದೇವರನ್ನು ಅರಸನೆಂದು ಹೆದರುವ ಬದಲು ಬೀಗತನ ಬೆಳೆಸಿದ ಈ ಜನರ ಭಕ್ತಿ ದೊಡ್ಡದು.

ಇನ್ನು ಚರಿತ್ರೆಯ ಮಾತು. ಶ್ರೀಪರ್ವತದ ಹೆಸರು ನಮ್ಮ ನಾಡಿನ ಚರಿತ್ರೆಯ ಹೊಸ್ತಿಲಲ್ಲಿಯೇ ಬರುತ್ತದೆ. ಐದನೆಯ ಶತಮಾನದ ತಾಳಗುಂದ ಶಾಸನವು ಕದಂಬ ಮಯೂರಶರ್ಮನು ಶ್ರೀಪರ್ವತದ ಬಾಗಿಲವರೆಗೆ ಹಬ್ಬಿದ ದುರ್ಗಮ ಅರಣ್ಯವನ್ನು ಹಿಡಿದು ನಿಂತನೆಂದು ಹೇಳುತ್ತದೆ. ಆಂಧ್ರದ ವಿಷ್ಣುಕುಂಡಿ ಅರಸರು ತಮ್ಮನ್ನು ಶ್ರೀಪರ್ವತಸ್ವಾಮಿಯ ಪಾದಸೇವಕರೆಂದು ಕರೆದುಕೊಂಡರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಲ್ಲಿ ಕಾಳಾಮುಖ ಗುರುಗಳ ಮಠವಿತ್ತು. ಹದಿಮೂರನೆಯ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥನು ತನ್ನ ‘ಪಂಡಿತಾರಾಧ್ಯ ಚರಿತ್ರ’ದಲ್ಲಿ ಒಂದು ಪ್ರಕರಣವನ್ನೇ ಈ ಪರ್ವತಕ್ಕೆ ಮೀಸಲಿಟ್ಟು, ಶಿವರಾತ್ರಿಗೆ ನಡೆದುಬರುವ ಯಾತ್ರಿಕರನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದನು.

ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ದೊರೆ ಪ್ರೋಲಯ ವೇಮನು ಗಿರಿಗೆ ಮೆಟ್ಟಿಲು ಕಟ್ಟಿಸಿದನು. ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠ್ಠಲಾಂಬೆ 1393ರಲ್ಲಿ ಪಾತಾಳಗಂಗೆಗೆ ಸೋಪಾನ ಮಾಡಿಸಿದಳು. ಕೃಷ್ಣದೇವರಾಯನು 1515ರ ಕೊಂಡವೀಡು ವಿಜಯದ ನಂತರ ದರ್ಶನಕ್ಕೆ ಬಂದನು. ಶಿವಾಜಿ ಮಹಾರಾಜರು 1677ರಲ್ಲಿ ಬಂದು ಕೆಲವು ದಿನ ತಂಗಿದ್ದರು. ಅರಸೊತ್ತಿಗೆಗಳು ಒಂದಾದ ಮೇಲೊಂದು ಅಳಿದವು. ವಿಠ್ಠಲಾಂಬೆಯ ಯುದ್ಧವಾರ್ತೆ ನಮಗೆ ಬೇಕಿಲ್ಲ. ಬಾಯಾರಿದವರಿಗೆ ನೀರಿನ ದಾರಿ ಮಾಡಿಸಿದಳೆಂಬುದು ಇಂದಿಗೂ ನೆನಪಿದೆ.

ನಮ್ಮ ಕಾಲದ್ದೂ ಒಂದು ಅಧ್ಯಾಯವಿದೆ. 1963ರಲ್ಲಿ ನೆಹರೂ ಅವರು ಶ್ರೀಶೈಲದ ಬಳಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. 1980ರ ದಶಕದ ಹೊತ್ತಿಗೆ ಕಣಿವೆ ತುಂಬಿತು. ಎಷ್ಟೋ ಹಳ್ಳಿಗಳು ಮುಳುಗಿದವು. ಕೂಡವೆಲ್ಲಿಯ ಸಂಗಮೇಶ್ವರನ ಗುಡಿಯನ್ನು ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಬೇಕಾಯಿತು. ಇತ್ತ ನಮ್ಮ ಕೂಡಲಸಂಗಮದಲ್ಲಿ ನಾರಾಯಣಪುರದ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂಥ ಗೋಡೆ ಎಬ್ಬಿಸಿ ಕಾಪಾಡಿದರು. ಕಲ್ಲಿನ ಗುಡಿ ಎಷ್ಟೇ ಗಟ್ಟಿಯಾಗಿದ್ದರೂ ನೀರು ಬಂದಾಗ ಸ್ಥಳ ಬಿಡಬೇಕಾಗಬಹುದು ಎಂಬುದನ್ನು ಕೃಷ್ಣೆ ಕಲಿಸಿದಳು.

ಈಗ ತಾಯಿಯ ಪ್ರಶ್ನೆಗೆ ಬರೋಣ. ಶ್ರೀಶೈಲದ ಗುಡಿಯಲ್ಲಿ ವೀರಶಿರೋಮಂಟಪವೆಂಬುದೊಂದಿದೆ. ಅನವೇಮ ರೆಡ್ಡಿ 1377ರಲ್ಲಿ ಕಟ್ಟಿಸಿದ್ದು. ಅಲ್ಲಿ ವೀರಭಕ್ತರು ತಮ್ಮ ತಲೆಯನ್ನೂ ನಾಲಗೆಯನ್ನೂ ಕೊಯ್ದು ಅರ್ಪಿಸುತ್ತಿದ್ದರೆಂದು ಶಾಸನ ಹೇಳುತ್ತದೆ. ಅವರ ಧೈರ್ಯವನ್ನು ಹಗುರಾಗಿ ಕಾಣಬಾರದು. ಆದರೆ ದೇವರು ಕೊಟ್ಟ ದೇಹವನ್ನು ಕಡಿದು ದೇವರಿಗೇ ಕೊಡುವುದು ಸರಿಯೇ? ಇದಕ್ಕೆ ಉತ್ತರವನ್ನು ಆ ಮಂಟಪ ಏಳುವುದಕ್ಕೆ ಇನ್ನೂರು ವರ್ಷ ಮೊದಲೇ ಒಬ್ಬ ಹುಡುಗ ಆ ಗಿರಿಯ ಮೇಲೆಯೇ ಪಡೆದಿದ್ದನು.

ಆ ಹುಡುಗ ಸೊನ್ನಲಿಗೆಯ ಸಿದ್ಧರಾಮ. ಇಂದಿನ ಸೊಲ್ಲಾಪುರವೇ ಸೊನ್ನಲಿಗೆ. ದನ ಕಾಯುತ್ತಿದ್ದಾಗ ಜಂಗಮನೊಬ್ಬ ಬಂದು ‘ನಾನು ಮಲ್ಲಯ್ಯ’ ಎಂದು ಮಜ್ಜಿಗೆ ಅನ್ನ ಬೇಡಿದನು. ಹುಡುಗ ಮನೆಗೆ ಓಡಿ ತರುವಷ್ಟರಲ್ಲಿ ಅವನಿಲ್ಲ. ಬುತ್ತಿ ಹಿಡಿದುಕೊಂಡೇ ‘ಮಲ್ಲಯ್ಯಾ’ ಎಂದು ಕೂಗುತ್ತ ಯಾತ್ರಿಕರ ಬೆನ್ನು ಹತ್ತಿ ಶ್ರೀಶೈಲಕ್ಕೆ ಹೋದನು. ಗುಡಿಯ ಕಲ್ಲನ್ನು ತೋರಿಸಿ ಇವನೇ ಮಲ್ಲಯ್ಯ ಎಂದರೆ ಅವನು ಒಪ್ಪಲಿಲ್ಲ. ಕಾಡೆಲ್ಲ ಹುಡುಕಿ, ಕೊನೆಗೆ ಪ್ರಪಾತಕ್ಕೆ ಹಾರಲು ನಿಂತಾಗ ಮಲ್ಲಯ್ಯ ಕೈಹಿಡಿದನು. ಇದು ರಾಘವಾಂಕ ಕವಿ ಹಾಡಿದ ಕಥೆ.

ಕೈಹಿಡಿದ ಮಲ್ಲಯ್ಯ ‘ಇಲ್ಲೇ ಇರು’ ಎನ್ನಲಿಲ್ಲ. ಊರಿಗೆ ಹೋಗೆಂದು ಕಳಿಸಿದನು, ಸೊನ್ನಲಿಗೆಯನ್ನೇ ಇನ್ನೊಂದು ಶ್ರೀಶೈಲ ಮಾಡೆಂದನು. ಸಿದ್ಧರಾಮ ಮರಳಿ ಬಂದು ಕೆರೆ ತೋಡಿದನು, ಅನ್ನ ನೀಡಿದನು. ಪ್ರಪಾತಕ್ಕೆ ಬೀಳಬೇಕಿದ್ದ ದೇಹ ಗುದ್ದಲಿ ಹಿಡಿಯಿತು. ಆ ಕೆರೆ ಇಂದಿಗೂ ಸೊಲ್ಲಾಪುರದಲ್ಲಿದೆ.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. ನಮ್ಮ ತೇರದಾಳದ ಗುಡಿಯಲ್ಲಿ ಪೂಜೆಗೊಳ್ಳುವ ಅಲ್ಲಮಪ್ರಭುವೇ ಸೊನ್ನಲಿಗೆಗೆ ಬಂದು ಸಿದ್ಧರಾಮನನ್ನು ಎಚ್ಚರಿಸಿದನು. ಕೆರೆ ಕಟ್ಟಿದೆ, ಗುಡಿ ಕಟ್ಟಿದೆ ಎಂಬ ಹಮ್ಮು ಒಳಗೆ ಉಳಿದರೆ ಅದೂ ಒಂದು ಬಂಧನವೆಂದು ತಿಳಿಹೇಳಿ ಕಲ್ಯಾಣಕ್ಕೆ ಕರೆದೊಯ್ದನು. ಅಕ್ಕಮಹಾದೇವಿಯೂ ಕಲ್ಯಾಣದ ಅನುಭಾವವನ್ನು ಪಡೆದ ಮೇಲೆಯೇ ಶ್ರೀಶೈಲದ ಕದಳಿಗೆ ನಡೆದಳು. ಶರಣರಿಗೆ ಕದಳಿ ಬರಿಯ ಬಾಳೆಯ ಬನವಲ್ಲ. ಮನುಷ್ಯನೊಳಗಿನ ಆಸೆಗಳ ದಟ್ಟ ಕಾಡೂ ಅದೇ. ಅದನ್ನು ದಾಟುವುದಕ್ಕೆ ಮೋಟಾರು ಇಲ್ಲ.

ತಾಯೀ, ಕೊರಳ ಲಿಂಗವನ್ನು ಮರೆತು ಪರ್ವತಕ್ಕೆ ಹೋದರೆ ಅದು ಬರಿಯ ಪ್ರವಾಸ. ಆ ಲಿಂಗವನ್ನು ಕರಸ್ಥಲದಲ್ಲಿ ಹಿಡಿದು ಹೋದರೆ ಹೆಜ್ಜೆಹೆಜ್ಜೆಯೂ ಪೂಜೆ. ಭೀಮನಕೊಳ್ಳದಲ್ಲಿ ಪರರ ಗಂಟು ಹೊತ್ತವನು ಊರಿಗೆ ಬಂದು ಅಣ್ಣತಮ್ಮಂದಿರೊಡನೆ ಬದುವಿನ ಜಗಳಕ್ಕೆ ನಿಂತರೆ, ಅವನು ಗಿರಿ ಹತ್ತಿದರೂ ಹತ್ತದಂತೆಯೇ. ಕುಲ ಕೇಳದೆ ಕಾಡಿನಲ್ಲಿ ಒಂದೇ ಕಟ್ಟೆಯ ಮೇಲೆ ಉಂಡವರು ಊರ ಅಗಸಿಯೊಳಗೆ ಬರುತ್ತಲೇ ಪಂಕ್ತಿಭೇದ ಮಾಡಿದರೆ, ಮಲ್ಲಯ್ಯ ಅಗಸಿಯ ಹೊರಗೇ ಉಳಿದನೆಂದು ತಿಳಿಯಬೇಕು.

ಗಿರಿಗೆ ಹೋಗಿ ಬನ್ನಿ. ಹತ್ತುವುದು ಒಂದೆರಡು ದಿನದ ಕಷ್ಟ. ಇಳಿದು ಬಂದು ತೇರದಾಳವನ್ನು ಶ್ರೀಶೈಲ ಮಾಡುವುದು ವರುಷವಿಡೀ ಮಾಡುವ ಯಾತ್ರೆ. ಆ ಯಾತ್ರೆಗೆ ಮಲ್ಲಯ್ಯನೂ ಪ್ರಭುದೇವನೂ ನಿಮಗೆಲ್ಲ ಬಲವನ್ನು ಕೊಡಲೆಂದು ಹಾರೈಸುತ್ತೇವೆ.